ಪೌರನೀತಿಗೆ ಬೇರೊಂದು ಅವಧಿ ಬೇಕೆ?

ಶಾಲೆಯ ವೇಳಾಪಟ್ಟಿಯಲ್ಲಿ ಶುಕ್ರವಾರದ ಕೊನೆಯ ಅವಧಿಗೆ 'ನೀತಿಬೋಧೆ' ಎಂದು ಬರೆಯುವುದು ನಮ್ಮ ಕಡೆಯ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಆ ಅವಧಿಯ ಗತಿ ಏನಾಗುತ್ತದೆಂಬುದು ಶಾಲೆಯ ಒಳಹೊರಗನ್ನು ಬಲ್ಲವರಿಗೆ ಗೊತ್ತೇ ಇದೆ. ಅರ್ಧವಾರ್ಷಿಕ ಪರೀಕ್ಷೆ ಸಮೀಪಿಸಿತೆಂದರೆ ಗಣಿತದ ಉಪಾಧ್ಯಾಯರು ಅದನ್ನು ಕೇಳಿ ಪಡೆಯುತ್ತಾರೆ. ಮೋಡ ಕವಿದರೆ ಮಕ್ಕಳನ್ನು ಬೇಗನೆ ಮನೆಗೆ ಬಿಡಲಾಗುತ್ತದೆ. ಕ್ರೀಡಾದಿನವಿದ್ದರಂತೂ ಹೇಳುವುದೇ ಬೇಡ. ಉಳಿದ ವಾರಗಳಲ್ಲಿ ದಣಿದ ಉಪಾಧ್ಯಾಯರೊಬ್ಬರು ದಣಿದ ಮಕ್ಕಳ ಕೈಯಲ್ಲಿ, ಹಿರಿಯರಿಗೆ ವಿಧೇಯರಾಗಿರಬೇಕು, ಬೀದಿಯಲ್ಲಿ ಕಸ ಚೆಲ್ಲಬಾರದು ಎಂದು ಹತ್ತು ಸಾಲು ಬರೆಸುತ್ತಾರೆ. ಗಂಟೆ ಬಾರಿಸುತ್ತದೆ. ಮಕ್ಕಳು ಓಡುತ್ತಾರೆ, ಓಡುವಾಗ ಕಡಲೆಕಾಯಿಯ ಸಿಪ್ಪೆಯನ್ನು ಗೇಟಿನ ಬಳಿಯೇ ಚೆಲ್ಲುತ್ತಾರೆ.

ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಈಜನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗದಷ್ಟೆ? ನಾಲ್ವರೊಡನೆ ಕೂಡಿ ಬಾಳುವ ವಿದ್ಯೆಯೂ ಅಂತಹುದೇ. ಅದಕ್ಕೆ ಬೇರೊಂದು ಅವಧಿ ಇಟ್ಟುಬಿಟ್ಟರೆ, ಉಳಿದ ಅವಧಿಗಳಲ್ಲಿ ಅದರ ಗೊಡವೆ ಬೇಡವೆಂಬ ಭಾವನೆ ಉಪಾಧ್ಯಾಯರಲ್ಲಿಯೂ ಮಕ್ಕಳಲ್ಲಿಯೂ ಮೂಡುತ್ತದೆ. ಗಣಿತ, ವಿಜ್ಞಾನ, ಭಾಷೆ, ಭೂಗೋಲ, ಮಧ್ಯಾಹ್ನದ ಊಟ, ಆಟದ ಬಯಲು, ಇವೆಲ್ಲದರೊಳಗೂ ಅದು ಹಾಸುಹೊಕ್ಕಾಗಿರಬೇಕೆಂಬುದು ಮೂರು ದಶಕಗಳ ಉಪಾಧ್ಯಾಯ ವೃತ್ತಿಯ ಬಳಿಕ ನಾನು ತಳೆದಿರುವ ಅಭಿಮತ.

ಈ ಮಾತು ಹೊಸದೇನಲ್ಲ. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪ್ರೌಢಶಿಕ್ಷಣ ಆಯೋಗವು, ಪ್ರಜಾಪ್ರಭುತ್ವಕ್ಕೆ ತಕ್ಕ ಪೌರರನ್ನು ರೂಪಿಸುವುದು ಶಿಕ್ಷಣದ ಮುಖ್ಯ ಗುರಿಗಳಲ್ಲೊಂದೆಂದು ಸಾರಿತು. ಅದಕ್ಕೂ ಮುಂಚೆ, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದಲ್ಲಿ ಕೈಕಸುಬು, ಲೆಕ್ಕ, ಭಾಷೆ, ನಡತೆ ಎಲ್ಲವೂ ಒಂದೇ ನೂಲಿನ ಎಳೆಗಳಾಗಿದ್ದವು. ನಮ್ಮ ಕೊಯಮತ್ತೂರಿಗೆ ಈ ವಿಚಾರ ಪರಕೀಯವಲ್ಲ. ಟಿ. ಎಸ್. ಅವಿನಾಶಿಲಿಂಗಂ ಅವರು 1930ರಲ್ಲಿ ಆರಂಭಿಸಿದ ಶ್ರೀ ರಾಮಕೃಷ್ಣ ವಿದ್ಯಾಲಯಕ್ಕೆ ಪೆರಿಯನಾಯಕನ್ ಪಾಳಯದಲ್ಲಿ ಗಾಂಧೀಜಿಯವರೇ 1934ರಲ್ಲಿ ಅಡಿಗಲ್ಲನ್ನಿಟ್ಟರು. ಮುಂದೆ ಅವಿನಾಶಿಲಿಂಗಂ ಅವರು ಮದರಾಸು ಪ್ರಾಂತದ ಶಿಕ್ಷಣ ಸಚಿವರೂ ಆದರು. ಇತ್ತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಂತಿಶಿಕ್ಷಣವು ಎಲ್ಲ ಪಾಠಗಳಲ್ಲಿಯೂ ವ್ಯಾಪಿಸಿರಬೇಕೆಂದು ಹೇಳಿತು. ಇಂಗ್ಲೆಂಡಿನವರು 2002ರಲ್ಲಿ ಪೌರಶಿಕ್ಷಣವನ್ನು ಪ್ರೌಢಶಾಲೆಗಳಲ್ಲಿ ಕಡ್ಡಾಯ ವಿಷಯವನ್ನಾಗಿ ಮಾಡಿದರು. ಅಲ್ಲಿಯೂ ಹಲವು ಶಾಲೆಗಳಲ್ಲಿ ಅದು ಮೂಲೆಗುಂಪಾಯಿತೆಂದು ಕೇಳಿದಾಗ ನನಗೆ ನಮ್ಮ ಶುಕ್ರವಾರದ ಕೊನೆಯ ಅವಧಿಯ ನೆನಪಾಯಿತು. ಇರಲಿ, ವರದಿಗಳ ಮಾತು ಇಷ್ಟು ಸಾಕು.

ನಾನು ಕೆಲಸ ಮಾಡುವುದು ತಿರುಪ್ಪೂರು ಜಿಲ್ಲೆಯ ಒಂದು ಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ. 2009ರಲ್ಲಿ ಈ ಜಿಲ್ಲೆ ಹುಟ್ಟುವ ಮುನ್ನ ನಾವು ಕೊಯಮತ್ತೂರು ಜಿಲ್ಲೆಯವರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಂದಿನ ಕೊಳ್ಳೇಗಾಲ ಸೀಮೆಯೂ ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಇಂದಿನ ಮಕ್ಕಳು ನಂಬುವುದೇ ಕಷ್ಟ. ನಮ್ಮ ಶಾಲೆಯ ಮಕ್ಕಳಲ್ಲಿ ಮೂರನೆಯ ಒಂದು ಪಾಲು ಮನೆಯಲ್ಲಿ ಕನ್ನಡವಾಡುವವರು, ನೇಕಾರ ದೇವಾಂಗರ ಮಕ್ಕಳು ಮತ್ತು ಬೇಸಾಯದ ಒಕ್ಕಲಿಗರ ಮಕ್ಕಳು. ಕೆಲವರ ಮನೆಮಾತು ತೆಲುಗು. ಉಳಿದವರದು ತಮಿಳು. ತಾಳವಾಡಿಯ ಕಡೆಯಂತೆ ಇಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಶಾಲೆಯಿಲ್ಲ. ಕನ್ನಡ ಅವರ ನಾಲಗೆಯ ಮೇಲಿದೆ, ಕಣ್ಣಿಗೆ ಕಾಣದು. 2006ರ ತಮಿಳು ಕಲಿಕೆ ಕಾಯಿದೆಯ ಪ್ರಕಾರ ತಮಿಳು ಎಲ್ಲರಿಗೂ ಕಡ್ಡಾಯ. ನಾನು ಆ ತಮಿಳನ್ನು ಪ್ರೀತಿಯಿಂದಲೇ ಕಲಿಸುತ್ತೇನೆ. ಆದರೆ ಮನೆಮಾತನ್ನು ಶಾಲೆಯ ಗೇಟಿನಾಚೆ ಕಳಚಿಟ್ಟು ಬರಬೇಕೆಂದು ಭಾವಿಸುವ ಮಗು, ಅದರೊಡನೆ ತನ್ನ ಧೈರ್ಯವನ್ನೂ ಅಲ್ಲಿಯೇ ಕಳಚಿಟ್ಟು ಬರುತ್ತದೆ.

2016ರ ಸೆಪ್ಟೆಂಬರ್ ತಿಂಗಳನ್ನು ವಾಚಕರು ಮರೆತಿರಲಾರರು. ಕಾವೇರಿಯ ನೀರಿನ ವಿಷಯವಾಗಿ ಬೆಂಗಳೂರಿನಲ್ಲಿ ವಾಹನಗಳು ಸುಟ್ಟವು. ಅದರ ಬಿಸಿ ಗಡಿಯ ಈಚೆಗೂ ತಟ್ಟಿತು. ನಮ್ಮ ಏಳನೆಯ ತರಗತಿಯ ಹುಡುಗನೊಬ್ಬನನ್ನು ಅವನ ಬೆಂಚಿನ ಜೊತೆಗಾರರೇ, "ನೀರು ಬಿಡದವರು ನಿಮ್ಮವರೇ ಅಲ್ಲವೇನೋ? ನೀನು ಯಾರ ಕಡೆ?" ಎಂದು ಕೇಳಿದರು. ದ್ವೇಷದಿಂದ ಕೇಳಿದ್ದಲ್ಲ, ಟಿ.ವಿ.ಯಲ್ಲಿ ಕೇಳಿದ್ದನ್ನು ಇಲ್ಲಿ ಒಪ್ಪಿಸಿದರು, ಅಷ್ಟೆ. ಹುಡುಗ ಉತ್ತರ ಕೊಡಲಿಲ್ಲ. ಮೂರನೆಯ ದಿನ ಅವನ ತಾಯಿ ಶಾಲೆಗೆ ಬಂದು ಬಾಗಿಲ ಬಳಿಯೇ ನಿಂತು, "ಸಾರ್, ನಮ್ಮ ಹುಡುಗ ಮನೆಯಲ್ಲಿ ಕನ್ನಡ ಮಾತಾಡಬೇಡಿ ಅಂತಾನೆ. ಇನ್ನು ಒಳಗೂ ತಮಿಳೇ ಆಡಬೇಕಾ ನಾವು?" ಎಂದರು. ಆ ಮನೆಯವರು ಹಲವು ತಲೆಮಾರುಗಳಿಂದ ಈ ಮಣ್ಣಿನವರು. ಅವರ ಮತದಾನ ಇಲ್ಲಿ, ಪಡಿತರ ಚೀಟಿ ಇಲ್ಲಿ, ಸ್ಮಶಾನವೂ ಇಲ್ಲಿಯೇ. ಹನ್ನೆರಡು ವರ್ಷದ ಬಾಲಕ ಇದನ್ನೆಲ್ಲ ಸಹಪಾಠಿಗಳಿಗೆ ರುಜುವಾತುಪಡಿಸಬೇಕಾಗಿ ಬಂದದ್ದು ನನ್ನನ್ನು ಕಾಡಿತು.

ಇದಕ್ಕೆ ನೀತಿಬೋಧೆಯ ಅವಧಿಯಲ್ಲಿ ಸೌಹಾರ್ದದ ಭಾಷಣ ಮಾಡಬಹುದಿತ್ತು. ಮಕ್ಕಳು ಕೈಕಟ್ಟಿ ಕೇಳುತ್ತಿದ್ದರು, ಮನಸ್ಸು ಬೇರೆಡೆ ಇರುತ್ತಿತ್ತು. ಅದರ ಬದಲು ಮರುದಿನದ ಭೂಗೋಲದ ಪಾಠದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ನದಿಯ ನಕಾಶೆಯನ್ನೇ ಬರೆಸಿದೆವು. ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟುತ್ತದೆ, ಸರಿ. ಕಬಿನಿ ಎಲ್ಲಿಯದು? ಕೇರಳದ ವಯನಾಡಿನದು. ಭವಾನಿ? ನೀಲಗಿರಿಯಲ್ಲಿ ಹುಟ್ಟಿ, ಕೇರಳವನ್ನು ಹೊಕ್ಕು, ಮರಳಿ ನಮ್ಮ ಕಡೆಗೆ ಬರುವಂತಹುದು. ವೆಳ್ಳಿಯಂಗಿರಿಯ ನೊಯ್ಯಲ್, ಉಡುಮಲೆ ಕಡೆಯ ಅಮರಾವತಿ, ಇವೂ ಕಾವೇರಿಯ ಮಕ್ಕಳೇ. ಆಮೇಲೆ ನಮ್ಮೂರ ಕಾಲುವೆಯ ನೀರು ಎಲ್ಲಿಂದ ಬರುತ್ತದೆಂದು ಕೇಳಿದೆ. 'ತಿರುಮೂರ್ತಿ ಅಣೆಕಟ್ಟಿನಿಂದ' ಎಂದರು. ಅಲ್ಲಿಗೆ ಎಲ್ಲಿಂದ? ಪರಂಬಿಕುಳಂ–ಆಳಿಯಾರ್ ಯೋಜನೆಯ ನೀರು ಅದು. ಪಡುವಣಕ್ಕೆ ಹರಿದು ಕೇರಳದ ಕಡಲನ್ನು ಸೇರಬೇಕಾದ ಹೊಳೆಗಳನ್ನು ತಿರುಗಿಸಿ, 1970ರಲ್ಲಿ ಎರಡು ರಾಜ್ಯಗಳು ಮಾಡಿಕೊಂಡ ಒಪ್ಪಂದದಂತೆ ಮೂಡಣಕ್ಕೆ ತಂದ ನೀರು. ಕೊಯಮತ್ತೂರು ನಗರದವರು ಹೆಮ್ಮೆಯಿಂದ ಕುಡಿಯುವ ಸಿರುವಾಣಿಯ ಅಣೆಕಟ್ಟೂ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿದೆ. ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಬಳಿಕ ಪ್ರಶ್ನೆ ಕೇಳಿದ್ದ ಹುಡುಗರಲ್ಲಿಯೇ ಒಬ್ಬ, "ಹಾಗಾದರೆ ಸಾರ್, ನಾವು ಯಾರ ಕಡೆ?" ಎಂದ. ಪಾಠ ಆರಂಭವಾದದ್ದು ಅಲ್ಲಿಂದ.

ಪರಂಬಿಕುಳಂ–ಆಳಿಯಾರ್ ಯೋಜನೆಯ ಕಾಲುವೆ ಲೆಕ್ಕಪಾಠಕ್ಕೆ ದೊಡ್ಡ ನಿಧಿ. ತಿರುಮೂರ್ತಿ ಅಣೆಕಟ್ಟಿನಿಂದ ನೀರುಣ್ಣುವ ಸುಮಾರು 3.77 ಲಕ್ಷ ಎಕರೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಎಲ್ಲರಿಗೂ ಏಕಕಾಲದಲ್ಲಿ ಕೊಡುವಷ್ಟು ನೀರಿಲ್ಲವಾದ್ದರಿಂದ ಒಂದು ವಲಯ ಮುಗಿದ ಮೇಲೆ ಇನ್ನೊಂದರ ಸರದಿ. ಹಾಗಾದರೆ ಒಂದು ವಲಯಕ್ಕೆ ಎಷ್ಟು ಎಕರೆ? ಸುಮಾರು 94 ಸಾವಿರ. ಹತ್ತು ಎಕರೆಯವನಿಗೂ ಒಂದು ಎಕರೆಯವನಿಗೂ ತೂಬು ತೆರೆದಿರುವ ಹೊತ್ತನ್ನು ಹಂಚುವುದು ಹೇಗೆ? ಕಾಲುವೆಯ ತಲೆಯಲ್ಲಿರುವವನು ರಾತ್ರಿ ಮೋಟಾರು ಹಚ್ಚಿ ನೀರೆಳೆದರೆ ಬಾಲದಲ್ಲಿರುವವನ ಪಾಲು ಎಷ್ಟು ಕಡಿಮೆಯಾಗುತ್ತದೆ? ಅನುಪಾತದ ಅಧ್ಯಾಯವನ್ನು ಪಠ್ಯಪುಸ್ತಕದ ಮಾವಿನಹಣ್ಣುಗಳಿಂದ ಕಲಿಯದ ಮಕ್ಕಳು ಇದರಿಂದ ಕಲಿತರು. ಏಕೆಂದರೆ ತರಗತಿಯಲ್ಲಿ ತಲೆಗಾಲುವೆಯವರ ಮಕ್ಕಳೂ ಇದ್ದರು, ಬಾಲಗಾಲುವೆಯವರ ಮಕ್ಕಳೂ ಇದ್ದರು. ಜಗಳ ಹತ್ತಿತು, ನಿಜ. ಒಬ್ಬರು ಮಾತಾಡಿ ಮುಗಿಸುವವರೆಗೆ ಇನ್ನೊಬ್ಬರು ಬಾಯಿ ತೆರೆಯಬಾರದೆಂಬ ನಿಯಮವನ್ನು ಹಾಕಿಕೊಂಡವರು ಮಕ್ಕಳೇ.

2018ರ ಫೆಬ್ರವರಿ 16ರಂದು ಕಾವೇರಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಾಗ ಆಗಿನ ಏಳನೆಯ ತರಗತಿಗೆ ಅದನ್ನೇ ಲೆಕ್ಕವಾಗಿ ಕೊಟ್ಟೆ. 2007ರ ನ್ಯಾಯಮಂಡಳಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚ್ಚೇರಿಗೆ 7 ಟಿ.ಎಂ.ಸಿ. ಹಂಚಿತ್ತು. ನ್ಯಾಯಾಲಯವು ತಮಿಳುನಾಡಿನ ಪಾಲಿನಿಂದ 14.75 ತೆಗೆದು ಕರ್ನಾಟಕಕ್ಕೆ ಸೇರಿಸಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿನ ಬಾಬ್ತು. ಈಗ ಯಾರಿಗೆ ಎಷ್ಟು? 404.25 ಮತ್ತು 284.75. ಒಟ್ಟು 740ರಲ್ಲಿ ಮಿಕ್ಕಿದ್ದು 14. ಅದರಲ್ಲಿ 10 ಪರಿಸರಕ್ಕೆಂದೂ 4 ಕಡಲು ಸೇರುವುದೆಂದೂ ಇಟ್ಟಿದ್ದಾರೆ. ದಶಮಾಂಶದ ಕೂಡುಕಳೆ ಮುಗಿದ ಮೇಲೆ ಇದು ನ್ಯಾಯವೇ ಎಂದು ಕೇಳಿದೆ. ತಮಿಳು ಮನೆಯ ಹುಡುಗಿಯೊಬ್ಬಳು ಬೆಂಗಳೂರಿಗೆ ಕುಡಿಯುವ ನೀರು ಬೇಕೇ ಬೇಕೆಂದಳು, ಅವಳ ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ದಾರಂತೆ. ಕನ್ನಡ ಮನೆಯ ಹುಡುಗನೊಬ್ಬ ತಂಜಾವೂರಿನ ಗದ್ದೆಗೆ ಇದರಿಂದ ಕಷ್ಟವಾಗುವುದಿಲ್ಲವೆ ಎಂದ. ನಾನು ಯಾವ ಪಕ್ಷವನ್ನೂ ವಹಿಸಲಿಲ್ಲ, ವಹಿಸುವ ಅಗತ್ಯವೂ ಬೀಳಲಿಲ್ಲ.

ಭಾಷೆಯ ಪಾಠಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಇದು. ತಮಿಳಿನ ಅವಧಿಯಲ್ಲಿ ಗೋಡೆಯ ಮೇಲೆ ಒಂದು ಪದಪಟ್ಟಿ ತೂಗುಹಾಕಿದ್ದೇವೆ. ತಮಿಳಿನ ಪಾಲ್, ಕನ್ನಡದ ಹಾಲು. ಪಲ್, ಹಲ್ಲು. ಪೂ, ಹೂ. ಪತ್ತು, ಹತ್ತು. ಪುಲಿ, ಹುಲಿ. ಪಾಂಬು, ಹಾವು. ಆರನೆಯ ತರಗತಿಯವರು ಎರಡೇ ದಿನದಲ್ಲಿ ಸೂತ್ರವನ್ನು ತಾವಾಗಿ ಕಂಡುಹಿಡಿದರು: ತಮಿಳಿನ 'ಪ' ಇದ್ದಲ್ಲಿ ಕನ್ನಡದ 'ಹ'. ತೆಲುಗು ಮನೆಯ ಮಕ್ಕಳು ತಮ್ಮ 'ಪಾಲು', 'ಪದಿ'ಗಳನ್ನು ತಂದು ಪಕ್ಕಕ್ಕೆ ಬರೆದರು. ಹಳಗನ್ನಡದಲ್ಲಿ ಹಾಲು 'ಪಾಲ್', ಹತ್ತು 'ಪತ್ತು' ಆಗಿತ್ತೆಂದು ನಾನು ಹೇಳಿದಾಗ ನೇಕಾರರ ಹುಡುಗಿಯೊಬ್ಬಳು, "ಹಾಗಾದರೆ ನಾವು ಮೊದಲು ಒಂದೇ ಮನೆಯಲ್ಲಿದ್ದು ಆಮೇಲೆ ಪಾಲಾದವರಾ ಸಾರ್?" ಎಂದು ಕೇಳಿದಳು. ಭಾಷಾಶಾಸ್ತ್ರಜ್ಞರು ದೊಡ್ಡ ಗ್ರಂಥಗಳಲ್ಲಿ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಅದುವರೆಗೆ ತಮಿಳಿನ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಈ ಮಕ್ಕಳು ಪಟ್ಟಿಯ ದೆಸೆಯಿಂದ ಪಂಡಿತರಾದರು. ಅವರ ತಮಿಳಿಗೆ ಇದರಿಂದ ಕುಂದು ಬಂತೆ? ಬರಲಿಲ್ಲ. ಕಾಗುಣಿತದ ತಪ್ಪುಗಳು ಕಡಿಮೆಯಾದವು.

ಮಗ್ಗದ ಪದಗಳಿಗಾಗಿ ಒಬ್ಬ ಅಜ್ಜಿಯನ್ನೇ ತರಗತಿಗೆ ಕರೆಸಿದೆವು. ನೆಗಮಂ, ಸಿರುಮುಗೈ ಮೊದಲಾದ ಕಡೆ ಸೀರೆ ನೇಯುವ ದೇವಾಂಗರ ಮನೆಗಳಲ್ಲಿ ಹಾಸು, ಹೊಕ್ಕು, ಲಾಳಿ ಎಂಬ ಮಾತುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಮಗ್ಗ ನಿಂತ ಮನೆಗಳಲ್ಲಿ ಮಾತೂ ನಿಲ್ಲುತ್ತಿದೆ. ಆ ತಾಯಿ ಒಂದು ಅಂಗುಲಕ್ಕೆ ಎಷ್ಟು ಎಳೆ, ಒಂದು ಸೀರೆಗೆ ಎಷ್ಟು ದಿನ, ಎಷ್ಟು ಕೂಲಿ ಎಂದು ಲೆಕ್ಕ ಹೇಳಿದರು. ಒಂದು ದಿನದ ದುಡಿಮೆಯ ಬೆಲೆ ಎಷ್ಟಾಯಿತೆಂದು ಮಕ್ಕಳು ಭಾಗಿಸಿ ನೋಡಿದರು. ಉತ್ತರವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಮಕ್ಕಳು ಎರಡೆರಡು ಸಲ ಭಾಗಿಸಿದರೆಂದಷ್ಟೆ ಹೇಳುತ್ತೇನೆ. ಆ ಪಾಠದಲ್ಲಿಯೇ ವಿಜಯದಶಮಿಯಂದು ಕೊಯಮತ್ತೂರಿನಲ್ಲಿ ಚೌಡೇಶ್ವರಿಯ ಮೆರವಣಿಗೆಯ ಮುಂದೆ ದೇವಾಂಗರು ನಡೆಸುವ ಕತ್ತಿಸೇವೆಯ ಮಾತೂ ಬಂತು. ನೆರೆಯ ಮಕ್ಕಳಿಗೆ ಅದು ಭಯದ ವಿಷಯ. ಅಜ್ಜಿ ತಮ್ಮ ಕುಲದ ಕತೆಯನ್ನು ಹೇಳಿದರು. ಕಂಬಳತ್ತು ನಾಯಕರ ಮನೆಯ ಹುಡುಗನೊಬ್ಬ ತಮ್ಮ ದೇವರಾಟ್ಟದ ಉರುಮಿಯ ತಾಳವನ್ನು ಬೆಂಚಿನ ಮೇಲೆ ಬಡಿದು ತೋರಿಸಿದ.

ಇತ್ತೀಚಿನ ವರ್ಷಗಳಲ್ಲಿ ಬನಿಯನ್ ಕಂಪೆನಿಗಳ ಕೆಲಸಕ್ಕೆ ಒಡಿಶಾ, ಬಿಹಾರ, ಝಾರ್ಖಂಡಗಳಿಂದ ಬಂದವರ ಮಕ್ಕಳೂ ನಮ್ಮಲ್ಲಿ ಸೇರುತ್ತಿದ್ದಾರೆ. 2023ರ ಮಾರ್ಚಿಯಲ್ಲಿ, ತಮಿಳುನಾಡಿನಲ್ಲಿ ಬಿಹಾರದ ಕೂಲಿಗಳನ್ನು ಹೊಡೆದು ಕೊಲ್ಲುತ್ತಿದ್ದಾರೆಂಬ ಸುಳ್ಳು ವಿಡಿಯೋಗಳು ಮೊಬೈಲುಗಳಲ್ಲಿ ಹರಡಿದವು. ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ವಿಚಾರಿಸಿತು. ಆ ವಾರ ಮೂರು ಮಕ್ಕಳು ಶಾಲೆಗೆ ಬರಲಿಲ್ಲ. ಎಂಟನೆಯ ತರಗತಿಯವರಿಗೆ ವಿಜ್ಞಾನದ ಉಪಾಧ್ಯಾಯಿನಿಯವರು ಒಳ್ಳೆಯ ಕೆಲಸ ಕೊಟ್ಟರು. ಪ್ರಯೋಗದ ಫಲಿತಾಂಶವನ್ನು ಪರೀಕ್ಷಿಸುವಂತೆಯೇ ಒಂದು ಸುದ್ದಿಯನ್ನೂ ಪರೀಕ್ಷಿಸಬೇಕು: ಇದನ್ನು ಕಂಡವರಾರು, ಎಲ್ಲಿ, ಯಾವಾಗ, ಬೇರೆ ಯಾರಾದರೂ ಹೇಳಿದರೆ? ಕನ್ನಡ ಮನೆಯ ಮಕ್ಕಳು ಈ ಕೆಲಸದಲ್ಲಿ ಮುಂದಾದರು, 'ನೀನು ಯಾರ ಕಡೆ' ಎಂಬ ಪ್ರಶ್ನೆಯ ಭಾರ ಅವರಿಗೆ ಗೊತ್ತಿತ್ತು. ಒಡಿಯಾ ಬಾಲಕಿ ಮರಳಿ ಬಂದಾಗ ಪದಪಟ್ಟಿಯಲ್ಲಿ ಅವಳ ಹಾಲಿಗೂ ಸ್ಥಳ ಮಾಡಲಾಯಿತು. ಅವಳ ಭಾಷೆಯಲ್ಲಿ ಅದು 'ಖೀರ'. "ಅದು ನಮ್ಮ ಪೂಜೆಯ ಕ್ಷೀರ" ಎಂದು ನಮ್ಮ ಮಕ್ಕಳು ಕೂಗಿದರು.

ಇನ್ನು ಊಟದ ವಿಷಯ. 1956ರಲ್ಲಿ ಕಾಮರಾಜರು ಹರಡಿದ, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ವಿಸ್ತರಿಸಿದ ಮಧ್ಯಾಹ್ನದ ಊಟದ ಜೊತೆಗೆ 2022ರಿಂದ ಬೆಳಗಿನ ಉಪಾಹಾರವೂ ಬಂದಿದೆ. ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಆ ಅರ್ಧ ಗಂಟೆಗೆ ಸಮನಾದ ಪೌರನೀತಿಯ ಪಾಠವನ್ನು ಯಾವ ಪುಸ್ತಕವೂ ಹೇಳಲಾರದು. ಆದರೆ ಆ ಪಾಠವನ್ನು ದೊಡ್ಡವರು ಕೆಡಿಸಬಲ್ಲರು. 2018ರಲ್ಲಿ ನಮ್ಮ ಜಿಲ್ಲೆಯ ಅವಿನಾಶಿ ಸಮೀಪದ ಒಂದು ಸರಕಾರಿ ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡಬಾರದೆಂದು ಕೆಲವರು ತಡೆದರು. ಆಕೆಗೆ ವರ್ಗವಾಯಿತು. ಪ್ರತಿಭಟನೆಯ ಬಳಿಕ ಆ ಆಜ್ಞೆ ರದ್ದಾಗಿ, ತಡೆದವರ ಮೇಲೆ ಮೊಕದ್ದಮೆ ಹೂಡಲಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿ ಏಳು ದಶಕಗಳ ಮೇಲಾಗಿದೆ. ನಮ್ಮ ಕನ್ನಡ ಕುಟುಂಬಗಳಲ್ಲಿಯೂ, 'ಶಾಲೆಯಲ್ಲಿ ಉಣ್ಣಬೇಡ, ಡಬ್ಬಿ ಕಟ್ಟಿಕೊಡುತ್ತೇನೆ' ಎನ್ನುವ ಮನೆಗಳಿವೆ. ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮಕ್ಕಳಿಗೆ ಅರ್ಥವಾಗುತ್ತದೆ. ನಮ್ಮ ಭಾಷೆಗೆ ಗೌರವ ಬೇಕೆಂದು ಕೇಳುವ ನಾವು, ಅಡುಗೆಯಾಕೆಯ ಕೈಗೆ ಗೌರವ ಕೊಡದಿದ್ದರೆ ಆ ಬೇಡಿಕೆಗೆ ಬಲವೆಲ್ಲಿಂದ ಬರಬೇಕು? ನಾನು ಪ್ರತಿದಿನ ಮಕ್ಕಳ ಸಾಲಿನಲ್ಲಿಯೇ ಕೂತು ಉಣ್ಣುತ್ತೇನೆ. ಸಾಂಬಾರು ನೀರಾಗಿದ್ದ ದಿನ ಅದನ್ನೂ ಹೇಳುತ್ತೇನೆ.

ನೊಯ್ಯಲ್ ಹೊಳೆಯ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು. ಬಣ್ಣದ ಕಾರ್ಖಾನೆಗಳ ನೀರು ತುಂಬಿ ಒರತ್ತುಪಾಳಯಂ ಅಣೆಕಟ್ಟು ಬೇಸಾಯಕ್ಕೆ ಒದಗದೆ ಹೋದದ್ದು, 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಕಾರ್ಖಾನೆಗಳನ್ನು ಮುಚ್ಚಿಸಿದ್ದು, ಇವು ರಸಾಯನ ಶಾಸ್ತ್ರದ ಪಾಠವೂ ಹೌದು, ಹಕ್ಕು ಮತ್ತು ಹೊಟ್ಟೆಪಾಡುಗಳ ಪಾಠವೂ ಹೌದು. ಅದೇ ತಿರುಪ್ಪೂರಿನ ನಂಜರಾಯನ್ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿಯನ್ನೂ ಮಕ್ಕಳಿಗೆ ತಿಳಿಸಿದ್ದೇವೆ.

ತಂದೆತಾಯಿಗಳ ಮಾತು ಬಿಟ್ಟರೆ ಈ ಲೇಖನ ಅರೆಯಾದೀತು. 'ಇದರಿಂದ ಅಂಕ ಎಷ್ಟು ಬರುತ್ತದೆ ಸಾರ್?' ಎಂಬ ಪ್ರಶ್ನೆಯನ್ನು ನಾನು ಪ್ರತಿವರ್ಷ ಕೇಳುತ್ತೇನೆ. ಅದು ತಪ್ಪು ಪ್ರಶ್ನೆಯಲ್ಲ. ಸಾಲ ಮಾಡಿ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸುವ ಪವರ್‌ಲೂಮ್ ಕೆಲಸಗಾರನಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ನನ್ನ ಉತ್ತರ ಇಷ್ಟೆ: ಕಾಲುವೆಯ ಲೆಕ್ಕ ಮಾಡಿದ ಮಗು ಅನುಪಾತವನ್ನು ಮರೆಯಲಿಲ್ಲ. ಪಂಚಾಯತಿಗೆ ಅರ್ಜಿ ಬರೆದ ಮಗು ಪತ್ರಲೇಖನದಲ್ಲಿ ಸೋಲಲಿಲ್ಲ. ಹೌದು, ಅರ್ಜಿಯನ್ನೂ ಬರೆದಿದ್ದೇವೆ. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಸಲ ಗ್ರಾಮಸಭೆ ಸೇರಬೇಕೆಂದು 2022ರಲ್ಲಿ ಗೊತ್ತುಮಾಡಿದ ಮೇಲೆ, ಅಕ್ಟೋಬರ್ 2ರ ಸಭೆಗೆ ಎಂಟನೆಯ ತರಗತಿಯವರನ್ನು ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಶಾಲೆಯ ಮುಂದಿನ ಬೀದಿದೀಪಕ್ಕಾಗಿ ಅವರು ಬರೆದ ಅರ್ಜಿಯನ್ನು ಸಭೆಯಲ್ಲಿ ಓದಿದರು. ದೀಪ ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅವರು ನೆನಪೋಲೆ ಬರೆಯುವುದನ್ನು ಕಲಿತರು.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ನಿರ್ವಹಣ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧಪಾಲು ಮಹಿಳೆಯರಿರಬೇಕು. ಕಾಗದದ ಮೇಲೆ ನಮ್ಮಲ್ಲಿ ಎಲ್ಲವೂ ಸರಿಯಾಗಿತ್ತು, ಸಭೆಗೆ ಬರುವವರು ಮಾತ್ರ ಇಬ್ಬರೋ ಮೂವರೋ. ಶುಕ್ರವಾರ ಮಧ್ಯಾಹ್ನ ಕರೆದರೆ ಕಂಪೆನಿಯ ಪಾಳಿ ಬಿಟ್ಟು ಬರುವ ತಾಯಿ ಯಾರು? ಕಳೆದ ವರ್ಷದಿಂದ ಸಭೆಯನ್ನು ಭಾನುವಾರ ಬೆಳಗ್ಗೆ ಹತ್ತಕ್ಕೆ ಇಟ್ಟಿದ್ದೇವೆ. ಮಾತಿಗೆ ಯಾವ ಭಾಷೆಯಾದರೂ ಸರಿ, ಬರೆದುಕೊಳ್ಳುವುದು ತಮಿಳಿನಲ್ಲಿ. ಮೊದಲ ಸಭೆಗೆ ಹನ್ನೊಂದು ತಾಯಂದಿರು ಬಂದರು. ಅವರಲ್ಲಿ ಒಬ್ಬರು, ಒಳಗೂ ತಮಿಳೇ ಆಡಬೇಕೇ ಎಂದು ಹಿಂದೆ ಕೇಳಿದ್ದವರು. ಈಗ ಅವರ ಕಿರಿಯ ಮಗಳು ನಮ್ಮಲ್ಲಿ ಓದುತ್ತಿದ್ದಾಳೆ. ಅಂದು ಅವರು ಕನ್ನಡದಲ್ಲಿಯೇ ಎದ್ದು ನಿಂತು, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದೂ ಅದನ್ನು ಮೊದಲು ಬರೆದುಕೊಳ್ಳಬೇಕೆಂದೂ ಹೇಳಿದರು. ಪಕ್ಕದಲ್ಲಿದ್ದ ತೆಲುಗು ಮನೆಯ ತಾಯಿ ಅದನ್ನು ಉಳಿದವರಿಗೆ ತಮಿಳಿನಲ್ಲಿ ತಿಳಿಸಿದರು. ಮರುದಿನವೇ ಚಿಲಕ ಹಾಕಿಸಿದೆವು.